ಡಾ. ಎಂ. ಎಚ್. ಕೃಷ್ಣ: ಕಡಲಾಚೆಯ ವಿದ್ಯೆ, ಚಂದ್ರವಳ್ಳಿಯ ಮಣ್ಣು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಕ್ಕಳು ಇಂದು ಪಾಸ್‌ಪೋರ್ಟು, ಬ್ಯಾಂಕ್ ಸಾಲಗಳನ್ನು ಹೊಂದಿಸಿಕೊಂಡು ವಿದೇಶದ ವಿಶ್ವವಿದ್ಯಾನಿಲಯಗಳಿಗೆ ಹೊರಡಲು ಸಿದ್ಧರಾಗುತ್ತಿದ್ದಾರೆ. ಹೋದವರು ಮರಳುವರೇ ಎಂಬ ಹೆತ್ತವರ ಆತಂಕವನ್ನು ನಾವು ಬಲ್ಲೆವು. ಅಂಥ ಮಕ್ಕಳು ಅರಿಯಬೇಕಾದ ಬಾಳು ಡಾ. ಎಂ. ಎಚ್. ಕೃಷ್ಣರದು.

1892ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು, ಹಡಗಿನ ಪ್ರಯಾಣದ ಆ ಕಾಲದಲ್ಲಿ ಲಂಡನ್ನಿಗೆ ತೆರಳಿ, ಅಲ್ಲಿನ ವಿಶ್ವವಿದ್ಯಾನಿಲಯದ ಡಿ.ಲಿಟ್. ಪದವಿ ಪಡೆದರು. ಆ ವಿದ್ಯೆಯೊಡನೆ ತಾಯ್ನೆಲಕ್ಕೆ ಮರಳಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಬೋಧಿಸಿದರು. ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾದರು. 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಮುಂದೆ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಕನ್ನಡದ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರೂ ಅವರೇ. 1947ರಲ್ಲಿ ಅವರು ದೈವಾಧೀನರಾದರು.

ಚಂದ್ರವಳ್ಳಿಯ ಮಣ್ಣಿನಲ್ಲಿ ಶಾತವಾಹನರ ನಾಣ್ಯಗಳಲ್ಲದೆ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೂ ದೊರೆತಿದೆ. ನಮ್ಮ ಪ್ರಭು ಶಿಲುಬೆಯ ಮೇಲೆ ಪ್ರಾಣಾರ್ಪಣೆ ಮಾಡಿದುದು ಇದೇ ಚಕ್ರವರ್ತಿಯ ಆಳ್ವಿಕೆಯಲ್ಲಿ. ದೂರದ ಲೋಕವು ಅಂದೇ ನಮ್ಮ ಬೆಟ್ಟಗಳ ಬುಡಕ್ಕೆ ಬಂದಿತ್ತು. ಅದನ್ನು ಗುರುತಿಸಲು ಕಲಿತ ಕಣ್ಣು ಬೇಕಿತ್ತು.

ಹೊರಡಲಿರುವ ಮಕ್ಕಳೇ, ಪೆಟ್ಟಿಗೆ ಕಟ್ಟುವ ಮುನ್ನ ಒಮ್ಮೆ ಚಂದ್ರವಳ್ಳಿಗೆ ಹೋಗಿಬನ್ನಿ. ಅಲ್ಲಿ ಕಲಿತುದನ್ನು ಯಾವ ನೆಲದಲ್ಲಿ ಬಿತ್ತುವಿರೆಂದು ಯೋಚಿಸುವುದೂ ನಿಮ್ಮ ಸಿದ್ಧತೆಯ ಭಾಗವೇ ಆಗಿದೆ.