ಮಣ್ಣನ್ನು ನಂಬಿದ ಪ್ರಾಧ್ಯಾಪಕ ಹಸನ್ ಫತ್ಹಿ

ನಿಮ್ಮಲ್ಲಿ ಹಲವರ ಅಜ್ಜ ಅಜ್ಜಿಯರ ಮನೆ ಮಣ್ಣಿನ ಗೋಡೆಯದ್ದಾಗಿರಬಹುದು. ಅದನ್ನು ಕೆಡವಿ ಟೆರೇಸ್ ಮನೆ ಕಟ್ಟಿಸಿದ ದಿನ ಮನೆಮಂದಿಗೆಲ್ಲ ಸಂಭ್ರಮ. ಬೇಸಿಗೆ ಬಂದಾಗ ಮಾತ್ರ ಹಳೆಯ ಮನೆಯ ತಂಪು ನೆನಪಾಗುತ್ತದೆ. ಆ ತಂಪಿನ ಬಗ್ಗೆ, ಅದರಲ್ಲೂ ಬಡವನಿಗೆ ಅದು ಸಿಗುವ ಬಗ್ಗೆ, ಬದುಕಿಡೀ ಯೋಚಿಸಿದ ಪ್ರಾಧ್ಯಾಪಕರೊಬ್ಬರು ಈಜಿಪ್ಟಿನಲ್ಲಿದ್ದರು. ಹಸನ್ ಫತ್ಹಿ ಎಂಬ ಅವರ ಹೆಸರನ್ನು ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನಮ್ಮಂತಹ ಸಾಮಾನ್ಯ ಓದುಗರಿಗೆ ಅವರ ಪರಿಚಯ ಕಡಿಮೆ.

ಅವರು ಹುಟ್ಟಿದ್ದು 1900ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ, ಜಮೀನ್ದಾರರ ಶ್ರೀಮಂತ ಕುಟುಂಬದಲ್ಲಿ. ತಂದೆಗೆ ಹಳ್ಳಿಯೆಂದರೆ ನೊಣ ಮತ್ತು ರೋಗ. ತಾಯಿಗಾದರೋ ತಾನು ಬಾಲ್ಯ ಕಳೆದ ಹಳ್ಳಿಯ ನೆನಪೆಂದರೆ ಪ್ರಾಣ. ಹುಡುಗ ತಾಯಿಯ ಕಥೆಗಳನ್ನು ಕೇಳುತ್ತಾ ಬೆಳೆದ. ಕೃಷಿ ಕಲಿಯಬೇಕೆಂದು ಆಸೆಪಟ್ಟರೂ ಪ್ರವೇಶ ಪರೀಕ್ಷೆಯಲ್ಲಿ ಬೆಳೆಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ವಾಸ್ತುಶಿಲ್ಪ ಕಲಿತು 1926ರಲ್ಲಿ ಪದವಿ ಪಡೆದರು. ಸ್ವಂತ ಕುಟುಂಬದ ಜಮೀನಿಗೆ ಅವರು ಕಾಲಿಟ್ಟದ್ದೇ 27ನೇ ವಯಸ್ಸಿನಲ್ಲಿ. ಅಲ್ಲಿನ ರೈತರ ಕೊಳಕು, ಕತ್ತಲೆಯ ಗುಡಿಸಲುಗಳನ್ನು ಕಂಡು ತಲೆ ತಗ್ಗಿಸಿದರು. ಅವು ತಮ್ಮದೇ ಕುಟುಂಬದ ಜಮೀನಿನ ರೈತರ ಗುಡಿಸಲುಗಳಾಗಿದ್ದವು ಎಂಬುದನ್ನು ಅವರು ಮರೆಯಲಿಲ್ಲ.

1930ರಿಂದ ಅವರು ಕೈರೋದ ಲಲಿತಕಲಾ ಶಾಲೆಯಲ್ಲಿ ಅಧ್ಯಾಪಕರಾದರು. ಎರಡನೇ ಮಹಾಯುದ್ಧ ಶುರುವಾದಾಗ ಮರವೂ ಕಬ್ಬಿಣವೂ ಸಿಗದಾಯಿತು. ಹಸಿ ಇಟ್ಟಿಗೆಗೆ ಕೊರತೆಯಿರಲಿಲ್ಲ, ಗೋಡೆ ಏಳುತ್ತಿತ್ತು. ಆದರೆ ಸೂರಿಗೇನು ಮಾಡುವುದು? ಹಸಿ ಇಟ್ಟಿಗೆಯಲ್ಲೇ ಕಮಾನು ಕಟ್ಟಿಸಲು ಹೋದರೆ ಅದು ಕುಸಿದು ಬಿತ್ತು. ಆಗ ಅಸ್ವಾನ್ ಅಣೆಕಟ್ಟೆಯಲ್ಲಿ ಕೆಲಸದಲ್ಲಿದ್ದ ಅವರ ಅಣ್ಣ, ಅಲ್ಲಿನ ನೂಬಿಯಾ ಜನರು ಮರವೇ ಇಲ್ಲದೆ ಸೂರು ಕಟ್ಟುತ್ತಾರೆಂದು ತಿಳಿಸಿದರು. 1941ರಲ್ಲಿ ಫತ್ಹಿ ತಮ್ಮ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಕರೆದುಕೊಂಡು ಅಸ್ವಾನಿಗೆ ಹೊರಟರು.

ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮೇಸ್ತ್ರಿಗಳು ಕಮಾನು ಕಟ್ಟಬೇಕಾದರೆ ಮೊದಲು ಕೆಳಗೆ ಹಲಗೆಯ ಸೆಂಟ್ರಿಂಗ್ ಬೇಕು. ನೂಬಿಯಾದ ಮೇಸ್ತ್ರಿಗಳಿಗೆ ಅದು ಬೇಕಿರಲಿಲ್ಲ. ಕೋಣೆಯ ಒಂದು ಬದಿಯ ಗೋಡೆಯನ್ನು ಎತ್ತರಿಸಿ, ಅದರ ಮೇಲೆ ಕಣ್ಣಳತೆಯಲ್ಲೇ ಕಮಾನಿನ ಗೆರೆಯನ್ನು ಕೆಸರಿನಿಂದ ಮೂಡಿಸಿ, ಇಟ್ಟಿಗೆಗಳನ್ನು ಆ ಗೋಡೆಗೆ ಓರೆಯಾಗಿ ಒರಗಿಸುತ್ತಾ ಬರುತ್ತಿದ್ದರು. ಒಂದು ಸಾಲು ಮುಂದಿನ ಸಾಲಿಗೆ ಆಸರೆ. ಈ ಇಟ್ಟಿಗೆಗೆ ಹುಲ್ಲು ಹೆಚ್ಚು ಬೆರೆಸಿ ಹಗುರ ಮಾಡುತ್ತಿದ್ದರು, ಹಸಿಯಿರುವಾಗಲೇ ಬೆರಳಿನಿಂದ ಗೀರು ಎಳೆಯುತ್ತಿದ್ದರು. ಆ ಗೀರಿನಿಂದಾಗಿ ಇಟ್ಟಿಗೆ ಕೆಸರಿಗೆ ಕಚ್ಚಿಕೊಂಡು ಜಾರದೆ ನಿಲ್ಲುತ್ತಿತ್ತು. ಇಬ್ಬರು ಮೇಸ್ತ್ರಿಗಳು ಒಂದೂವರೆ ದಿನದಲ್ಲಿ ಒಂದು ಕೋಣೆಗೆ ಸೂರು ಕಟ್ಟಿ ಮುಗಿಸಿದರು. ಲಕ್ಸರಿನಲ್ಲಿರುವ ಎರಡನೇ ರಾಮೆಸೆಸ್ ದೊರೆಯ ಕಾಲದ ಕಣಜಗಳ ಸೂರೂ ಇದೇ ಬಗೆಯದ್ದು. ಹಸಿ ಇಟ್ಟಿಗೆಯ ಆ ಕಮಾನುಗಳು ಸುಮಾರು 3,200 ವರ್ಷಗಳಿಂದ ನಿಂತಿವೆ! ಕಾಲೇಜಿನಲ್ಲಿ ಪಾಠ ಹೇಳುವ ಪ್ರಾಧ್ಯಾಪಕರು ಅಕ್ಷರ ಕಲಿಯದ ಮೇಸ್ತ್ರಿಗಳ ಮುಂದೆ ಶಿಷ್ಯರಾಗಿ ನಿಂತರು. ನನಗೆ ಅವರ ಬದುಕಿನಲ್ಲಿ ಅತ್ಯಂತ ಇಷ್ಟವಾದ ಘಟ್ಟ ಇದೇ.

ಮುಂದಿನದು ಕಹಿ ಕಥೆ. ಲಕ್ಸರಿನ ಎದುರು, ನೈಲ್ ನದಿಯ ಪಶ್ಚಿಮ ದಡದಲ್ಲಿ ಗುರ್ನಾ ಎಂಬ ಹಳ್ಳಿಯಿತ್ತು. ಪ್ರಾಚೀನ ಗೋರಿಗಳ ಮೇಲೆಯೇ ಮನೆಗಳು. ಅಲ್ಲಿ ದೊರೆತ ವಸ್ತುಗಳನ್ನು ಮಾರಿ ಬದುಕುವವರು ಬಹಳ. ಒಮ್ಮೆ ಬಂಡೆಯ ಕೆತ್ತನೆಯೊಂದನ್ನೇ ಕಡಿದು ಸಾಗಿಸಲಾದಾಗ, ಸರಕಾರವು ಇಡೀ ಹಳ್ಳಿಯನ್ನು ಸ್ಥಳಾಂತರಿಸಲು ತೀರ್ಮಾನಿಸಿತು. ಸುಮಾರು 7,000 ಜನರಿಗೆ ಹೊಸ ಊರು ಕಟ್ಟುವ ಹೊಣೆ ಫತ್ಹಿಯವರ ಹೆಗಲೇರಿತು. 1945ರಲ್ಲಿ 50 ಎಕರೆ ಜಾಗದಲ್ಲಿ ಕೆಲಸ ಆರಂಭವಾಯಿತು. ಎಲ್ಲವೂ ಹಸಿ ಇಟ್ಟಿಗೆಯದ್ದು. ಮಸೀದಿ, ಮಾರುಕಟ್ಟೆ, ರಂಗಮಂದಿರ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಶಾಲೆಗಳು ಎದ್ದವು. ಒಂದು ಮನೆಯಂತೆ ಇನ್ನೊಂದು ಇರಬಾರದು, ಪ್ರತಿ ಕುಟುಂಬವನ್ನೂ ಕೇಳಿಯೇ ಅದರ ಮನೆ ಕಟ್ಟಬೇಕು ಎಂಬುದು ಅವರ ಹಟ.

ಆದರೆ ಹಳ್ಳಿಯವರಿಗೆ ಅಲ್ಲಿಗೆ ಬರುವ ಮನಸ್ಸಿರಲಿಲ್ಲ. ಗೋರಿಗಳನ್ನು ಬಿಟ್ಟರೆ ಅವರ ಹೊಟ್ಟೆಪಾಡು ಹೋಗುತ್ತಿತ್ತು. ಗುಂಬಜ್ ಇರುವ ಮನೆ ಅವರ ಕಣ್ಣಿಗೆ ಸಮಾಧಿಯಂತೆ ಕಂಡಿತೆಂದೂ ಕೆಲವರು ಹೇಳುತ್ತಾರೆ. ಕಚೇರಿಗಳಿಂದ ಹಣ, ಸಾಮಗ್ರಿಗಳು ತಡವಾಗಿ ಬಂದವು. ಒಂದು ರಾತ್ರಿ ಯಾರೋ ಕಟ್ಟೆ ಕಡಿದು ನೀರು ನುಗ್ಗಿಸಿದರು. ಮೂರು ಹಂಗಾಮು ಕಳೆಯುವಷ್ಟರಲ್ಲಿ, 1948ರ ಹೊತ್ತಿಗೆ, ಊರಿನ ಸಣ್ಣ ಭಾಗವಷ್ಟೇ ಎದ್ದು ಕೆಲಸ ನಿಂತಿತು. ತಪ್ಪು ಯಾರದು? ಫತ್ಹಿಯವರು ಹೆಚ್ಚಾಗಿ ಅಧಿಕಾರಿಗಳನ್ನೇ ದೂರಿದರು. ಆದರೆ ವಾಚಕರೇ, ಮನೆ ಬಿಡಲೊಪ್ಪದ ಜನರಿಗೆ ಎಷ್ಟೇ ಪ್ರೀತಿಯಿಂದ ಮನೆ ಕಟ್ಟಿಕೊಟ್ಟರೂ ಅದು ಅವರದ್ದಾಗುವುದು ಕಷ್ಟವಲ್ಲವೇ?

1954ರಲ್ಲಿ ಅವರು ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾದರು. 1957ರಲ್ಲಿ ಬೇಸತ್ತು ಗ್ರೀಸಿನ ಅಥೆನ್ಸಿಗೆ ಹೋಗಿ ಕೆಲವು ವರ್ಷಗಳ ನಂತರ ಮರಳಿದರು. ಆಮೇಲೆ ಕೈರೋದ ಸಂಶೋಧನಾ ಕೇಂದ್ರವೊಂದರಲ್ಲಿ ಹಸಿ ಇಟ್ಟಿಗೆಯ ಕೋಣೆಯನ್ನೂ ಕಾಂಕ್ರೀಟ್ ಕೋಣೆಯನ್ನೂ ಹೋಲಿಸಿ ನೋಡಲಾಯಿತು. ಮಣ್ಣಿನ ಕೋಣೆಯೊಳಗೆ ದಿನವಿಡೀ ಉಷ್ಣಾಂಶ ಎರಡು ಡಿಗ್ರಿಗಿಂತ ಹೆಚ್ಚು ಏರಿಳಿಯಲಿಲ್ಲ. ಕಾಂಕ್ರೀಟ್ ಕೋಣೆ 36 ಡಿಗ್ರಿ ತಲುಪಿತು, ಅಂದರೆ ಹೊರಗಿನ ಬಯಲಿಗಿಂತಲೂ ಬಿಸಿ! ಖಾರ್ಗಾ ಓಯಸಿಸ್‌ನಲ್ಲಿ ಅವರು ಆರಂಭಿಸಿದ ಇನ್ನೊಂದು ಊರು 1967ರ ಯುದ್ಧದಿಂದಾಗಿ ಅರ್ಧಕ್ಕೇ ನಿಂತಿತು.

ಗುರ್ನಾದ ಸೋಲನ್ನು ಅವರು ಪುಸ್ತಕವಾಗಿ ಬರೆದರು. 1969ರಲ್ಲಿ ಕೈರೋದಲ್ಲಿ ಪ್ರಕಟವಾದ ಅದನ್ನು 1973ರಲ್ಲಿ ಶಿಕಾಗೊ ವಿಶ್ವವಿದ್ಯಾಲಯವು ಹೊಸ ಹೆಸರಿನಲ್ಲಿ ಹೊರತಂದಿತು. ಪೂರ್ತಿಯಾಗದ ಊರಿನ ಕಥೆ ಅವರನ್ನು ಜಗತ್ತಿಗೆಲ್ಲ ಪರಿಚಯಿಸಿತು. 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ವಿಶೇಷ ಗೌರವವೂ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಒಟ್ಟೊಟ್ಟಿಗೆ ಬಂದವು. ಆ ಇಳಿವಯಸ್ಸಿನಲ್ಲೂ ಅವರು ನೂಬಿಯಾದ ಮೇಸ್ತ್ರಿಗಳೊಂದಿಗೆ ಅಮೆರಿಕದ ನ್ಯೂ ಮೆಕ್ಸಿಕೋಗೆ ಹೋಗಿ, ಅಬಿಕ್ಯೂ ಎಂಬಲ್ಲಿ ತಾವು ವಿನ್ಯಾಸಗೊಳಿಸಿದ ಮಸೀದಿಗೆ ಹಸಿ ಇಟ್ಟಿಗೆಯ ಸೂರು ಕಟ್ಟುವ ಬಗೆಯನ್ನು ಅಲ್ಲಿನವರಿಗೆ ಕಲಿಸಿದರು.

ಕೈರೋದ ಕೋಟೆಯ ಸಮೀಪದ ಹಳೆಯ ಓಣಿಯೊಂದರ ಪುರಾತನ ಮನೆಯಲ್ಲಿ, ಬೆಕ್ಕುಗಳ ಜೊತೆಯಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದರು. ದೇಶ ವಿದೇಶಗಳ ವಿದ್ಯಾರ್ಥಿಗಳು ಆ ಮನೆಯ ಮೆಟ್ಟಿಲು ಹತ್ತಿ ಅವರ ಬಳಿ ಕಲಿತು ಹೋದರು. 1989ರ ನವೆಂಬರ್ 30ರಂದು ಅವರು ನಿಧನ ಹೊಂದಿದರು. ಹಳೆಯ ಗುರ್ನಾದ ಮನೆಗಳನ್ನು ಸರಕಾರ 2006ರಿಂದ ಕೆಡವತೊಡಗಿ, ಜನರನ್ನು ಬೇರೊಂದು ಕಡೆ ಕಾಂಕ್ರೀಟ್ ಮನೆಗಳಿಗೆ ಕಳುಹಿಸಿತು. ಫತ್ಹಿಯವರ ಊರಿನಲ್ಲೂ ಮಣ್ಣಿನ ಮನೆಗಳು ಒಂದೊಂದಾಗಿ ಬಿದ್ದು ಕಾಂಕ್ರೀಟ್ ಮನೆಗಳಿಗೆ ಜಾಗ ಬಿಟ್ಟುಕೊಟ್ಟಿವೆ. ಅವರು ಕಟ್ಟಿದ ಮಸೀದಿ ಅಲ್ಲಿ ಇನ್ನೂ ನಿಂತಿದೆ.