ಪೇರ್ ಲೊರೆಂಟ್ಜ್

ಪೇರ್ ಲೊರೆಂಟ್ಜ್ (ಡಿಸೆಂಬರ್ 11, 1905 – ಮಾರ್ಚ್ 4, 1992) ಅಮೆರಿಕ ಸಂಯುಕ್ತ ಸಂಸ್ಥಾನದ ಸಾಕ್ಷ್ಯಚಿತ್ರ ನಿರ್ದೇಶಕರು, ಚಲನಚಿತ್ರ ವಿಮರ್ಶಕರು ಹಾಗೂ ಲೇಖಕರು. ಮಣ್ಣು, ನೀರು ಮತ್ತು ಬೇಸಾಯವನ್ನು ಕುರಿತು 1930ರ ದಶಕದಲ್ಲಿ ಇವರು ಸರ್ಕಾರಕ್ಕಾಗಿ ನಿರ್ಮಿಸಿದ ಎರಡು ಚಿತ್ರಗಳು ಕೃಷಿ ಸಾಕ್ಷ್ಯಚಿತ್ರಗಳ ಇತಿಹಾಸದಲ್ಲಿ ಮುಖ್ಯ ಸ್ಥಾನ ಪಡೆದಿವೆ. ಅನ್ನ ನೀಡುವ ಭೂಮಿ ಬರಡಾಗಲು ಮಳೆಯ ಅಭಾವವೊಂದೇ ಕಾರಣವಲ್ಲ, ಮನುಷ್ಯನು ಅದನ್ನು ಬಳಸಿಕೊಂಡ ರೀತಿಯೂ ಕಾರಣ ಎಂಬುದನ್ನು ಇವರು ಜನಸಾಮಾನ್ಯರಿಗೆ ತೆರೆಯ ಮೇಲೆ ತೋರಿಸಿಕೊಟ್ಟರು.

ಜನನ ಮತ್ತು ಆರಂಭಿಕ ಜೀವನ

ಲೊರೆಂಟ್ಜ್ ಅವರು ಪಶ್ಚಿಮ ವರ್ಜೀನಿಯಾ ರಾಜ್ಯದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಜನಿಸಿದರು. ಇವರ ಮೊದಲ ಹೆಸರು ಲಿಯೊನಾರ್ಡ್ ಮ್ಯಾಕ್‌ಟ್ಯಾಗರ್ಟ್ ಲೊರೆಂಟ್ಜ್. ಮುಂದೆ ತಂದೆಯ ಹೆಸರಾದ ಪೇರ್ ಎಂಬುದನ್ನೇ ತಮ್ಮದಾಗಿಸಿಕೊಂಡರು. ತಮ್ಮ ರಾಜ್ಯದಲ್ಲಿಯೇ ಕಾಲೇಜು ವ್ಯಾಸಂಗ ಮಾಡಿ, 1920ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದು ಪತ್ರಿಕೆಗಳಿಗೆ ಚಿತ್ರವಿಮರ್ಶೆ ಬರೆಯತೊಡಗಿದರು. 1930ರಲ್ಲಿ ವಕೀಲ ಮಾರಿಸ್ ಅರ್ನ್ಸ್ಟ್ ಅವರೊಡನೆ ಸೇರಿ ಚಲನಚಿತ್ರಗಳ ಸೆನ್ಸಾರ್ ವ್ಯವಸ್ಥೆಯನ್ನು ಖಂಡಿಸುವ ಪುಸ್ತಕವೊಂದನ್ನು ಪ್ರಕಟಿಸಿದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಆಡಳಿತದ ಮೊದಲ ವರ್ಷವನ್ನು ಕುರಿತ ಇವರ ಚಿತ್ರಸಂಪುಟವು 1934ರಲ್ಲಿ ಹೊರಬಂದಿತು.

ಧೂಳಿನ ಬಿರುಗಾಳಿಗಳ ಹಿನ್ನೆಲೆ

ಅಮೆರಿಕದ ಮಧ್ಯಭಾಗದ ಮಹಾಬಯಲುಗಳು ಮೂಲತಃ ಹುಲ್ಲುಗಾವಲುಗಳಾಗಿದ್ದವು. ಮಳೆ ಕಡಿಮೆ, ಗಾಳಿ ಹೆಚ್ಚು; ಆಳಕ್ಕಿಳಿದ ಹುಲ್ಲಿನ ಬೇರುಗಳೇ ಅಲ್ಲಿನ ಮಣ್ಣನ್ನು ಹಿಡಿದಿಟ್ಟಿದ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿದಾಗ ಈ ಹುಲ್ಲುನೆಲವನ್ನು ವ್ಯಾಪಕವಾಗಿ ಉಳಲಾಯಿತು. ಯುದ್ಧ ಮುಗಿದು ಬೆಲೆ ಕುಸಿದ ಮೇಲೆಯೂ, ಟ್ರ್ಯಾಕ್ಟರ್‌ಗಳ ಬಳಕೆಯಿಂದ ಉಳುಮೆ ಹೆಚ್ಚುತ್ತಲೇ ಹೋಯಿತು. 1930ರ ದಶಕದ ಬರಗಾಲದಲ್ಲಿ ಬೆಳೆ ಒಣಗಿ, ಹೊದಿಕೆಯಿಲ್ಲದ ಮೇಲ್ಮಣ್ಣು ಗಾಳಿಯಲ್ಲಿ ಹಾರಿಹೋಯಿತು. ಕಾನ್ಸಾಸ್, ಒಕ್ಲಹೋಮ, ಟೆಕ್ಸಾಸ್ ಮೊದಲಾದ ರಾಜ್ಯಗಳ ಸಾವಿರಾರು ರೈತ ಕುಟುಂಬಗಳು ಮನೆಮಠ ತೊರೆದು ಕೂಲಿಯನ್ನರಸುತ್ತ ಕ್ಯಾಲಿಫೋರ್ನಿಯಾದ ಕಡೆಗೆ ನಡೆದವು.

ಮೊದಲ ಚಿತ್ರ

ಸಂಕಷ್ಟಕ್ಕೊಳಗಾದ ರೈತರ ನೆರವಿಗಾಗಿ 1935ರಲ್ಲಿ ಸ್ಥಾಪಿತವಾದ ಪುನರ್ವಸತಿ ಇಲಾಖೆಯ ಮುಖ್ಯಸ್ಥ ರೆಕ್ಸ್‌ಫರ್ಡ್ ಟಗ್ವೆಲ್ ಅವರು ಈ ವಿಷಯದ ಮೇಲೆ ಚಿತ್ರ ತಯಾರಿಸುವ ಹೊಣೆಯನ್ನು ಲೊರೆಂಟ್ಜ್ ಅವರಿಗೆ ವಹಿಸಿದರು. ಅದುವರೆಗೆ ಇವರು ಒಂದು ಚಿತ್ರವನ್ನೂ ನಿರ್ದೇಶಿಸಿರಲಿಲ್ಲ. ಮಂಜೂರಾದ ಹಣ 6,000 ಡಾಲರ್. ವೆಚ್ಚವಾದದ್ದು ಸುಮಾರು 20,000 ಡಾಲರ್. ಕೊರತೆ ಬಿದ್ದಾಗ ಲೊರೆಂಟ್ಜ್ ಅವರು ಸ್ವಂತ ಹಣವನ್ನೂ ಹಾಕಬೇಕಾಯಿತು. ಛಾಯಾಗ್ರಾಹಕರಾದ ಪಾಲ್ ಸ್ಟ್ರಾಂಡ್ ಮತ್ತು ಲಿಯೊ ಹರ್ವಿಟ್ಜ್ ಅವರು ಚಿತ್ರವು ಬಂಡವಾಳಶಾಹಿಯನ್ನು ಇನ್ನೂ ಕಟುವಾಗಿ ಟೀಕಿಸಬೇಕೆಂದು ಬಯಸಿದ್ದರಿಂದ ಅವರೊಡನೆ ಭಿನ್ನಾಭಿಪ್ರಾಯವೂ ತಲೆದೋರಿತು.

1936ರಲ್ಲಿ ತೆರೆಕಂಡ ಈ ಚಿತ್ರದ ಹೆಸರು 'ದ ಪ್ಲೌ ದಟ್ ಬ್ರೋಕ್ ದ ಪ್ಲೇನ್ಸ್'. ಅವಧಿ ಅರ್ಧ ಗಂಟೆಗೂ ಕಡಿಮೆ. ಹೊಲ ಉಳುವ ಟ್ರ್ಯಾಕ್ಟರ್‌ಗಳ ದೃಶ್ಯಗಳ ನಡುವೆ ಯುದ್ಧದ ಟ್ಯಾಂಕುಗಳ ದೃಶ್ಯಗಳನ್ನು ಹೆಣೆದು, ಯುದ್ಧಕಾಲದ ಗೋಧಿ ಬೇಡಿಕೆಗೂ ಭೂಮಿಯ ನಾಶಕ್ಕೂ ಇದ್ದ ನಂಟನ್ನು ಲೊರೆಂಟ್ಜ್ ಅವರು ಸ್ಪಷ್ಟಪಡಿಸಿದರು. ವರ್ಜಿಲ್ ಥಾಮ್ಸನ್ ಅವರು ಜನಪದ ಹಾಡುಗಳನ್ನೂ ಭಕ್ತಿಗೀತೆಗಳನ್ನೂ ಆಧರಿಸಿ ಸಂಗೀತ ಸಂಯೋಜಿಸಿದರು. ಸರ್ಕಾರವೇ ಚಿತ್ರ ತಯಾರಿಸುವುದನ್ನು ಒಪ್ಪದ ಹಾಲಿವುಡ್‌ನ ದೊಡ್ಡ ಸಂಸ್ಥೆಗಳು ವಿತರಣೆಗೆ ನಿರಾಕರಿಸಿದಾಗ, ಸ್ವತಂತ್ರ ಚಿತ್ರಮಂದಿರಗಳ ಮೂಲಕ ಚಿತ್ರವು ಪ್ರೇಕ್ಷಕರನ್ನು ತಲುಪಿತು. ಆದರೆ ತಮ್ಮ ಇಡೀ ಪ್ರದೇಶವನ್ನು ಮರುಭೂಮಿಯೆಂಬಂತೆ ಬಿಂಬಿಸಲಾಗಿದೆ ಎಂದು ಬಯಲು ರಾಜ್ಯಗಳ ಜನಪ್ರತಿನಿಧಿಗಳು ಪ್ರತಿಭಟಿಸಿದರು. 1939ರಲ್ಲಿ ಸರ್ಕಾರವು ಚಿತ್ರವನ್ನು ಹಿಂತೆಗೆದುಕೊಂಡಿತು.

'ದ ರಿವರ್'

ಎರಡನೆಯ ಚಿತ್ರ 'ದ ರಿವರ್' ಮಿಸಿಸಿಪ್ಪಿ ನದಿಯನ್ನು ಕುರಿತದ್ದು. ಹತ್ತಿಯ ಬೆಳೆಯಿಂದ ಸಾರ ಕಳೆದುಕೊಂಡ ಹೊಲಗಳು, ಮರಮುಟ್ಟಿಗಾಗಿ ಬೋಳಾದ ಬೆಟ್ಟಗಳು, ಮಳೆಯೊಡನೆ ಕೊಚ್ಚಿಹೋಗುವ ಮಣ್ಣು, ಕೊನೆಗೆ ಪ್ರವಾಹ ಎಂಬ ಕಾರಣಪರಂಪರೆಯನ್ನು ಇದು ನಿರೂಪಿಸುತ್ತದೆ. ಚಿತ್ರೀಕರಣವು ಬಹುಮಟ್ಟಿಗೆ ಮುಗಿದಿದ್ದಾಗ, 1937ರ ಜನವರಿಯಲ್ಲಿ ಓಹಿಯೋ ನದಿಗೆ ಭಾರೀ ಪ್ರವಾಹ ಬಂದಿತು. ಲೊರೆಂಟ್ಜ್ ಅವರು ತಂಡದೊಡನೆ ಮರಳಿ ಹೋಗಿ ಅದನ್ನು ಚಿತ್ರಿಸಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರವನ್ನು ಪ್ಯಾರಾಮೌಂಟ್ ಸಂಸ್ಥೆ ವಿತರಿಸಿತು. 1938ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಇದು ಅತ್ಯುತ್ತಮ ಸಾಕ್ಷ್ಯಚಿತ್ರವೆಂಬ ಮನ್ನಣೆ ಪಡೆಯಿತು.

ಚಿತ್ರ ಸೇವಾ ಸಂಸ್ಥೆ ಮತ್ತು ಅದರ ಅಂತ್ಯ

ಈ ಯಶಸ್ಸಿನಿಂದಾಗಿ 1938ರಲ್ಲಿ ಸರ್ಕಾರವು 'ಯುನೈಟೆಡ್ ಸ್ಟೇಟ್ಸ್ ಫಿಲ್ಮ್ ಸರ್ವಿಸ್' ಸ್ಥಾಪಿಸಿ ಲೊರೆಂಟ್ಜ್ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿತು. ಬಡ ತಾಯಂದಿರ ಹೆರಿಗೆಯನ್ನು ಕುರಿತ 'ದ ಫೈಟ್ ಫಾರ್ ಲೈಫ್' (1940) ಚಿತ್ರವನ್ನು ಇವರೇ ನಿರ್ದೇಶಿಸಿದರು. ಹಳ್ಳಿಗಳ ವಿದ್ಯುದೀಕರಣದ ಚಿತ್ರವನ್ನು ಯೋರಿಸ್ ಐವೆನ್ಸ್ ಅವರಿಗೂ, ರೈತರ ಸ್ಥಿತಿಗತಿಗಳ ಚಿತ್ರವನ್ನು ರಾಬರ್ಟ್ ಫ್ಲಾಹರ್ಟಿ ಅವರಿಗೂ ವಹಿಸಲಾಯಿತು. ಸರ್ಕಾರಿ ಚಿತ್ರಗಳು ಆಳುವ ಪಕ್ಷದ ಪ್ರಚಾರವೆಂಬ ಟೀಕೆ ಬಲವಾಗಿ, 1940ರಲ್ಲಿ ಅಮೆರಿಕದ ಸಂಸತ್ತು ಅನುದಾನವನ್ನು ನಿಲ್ಲಿಸಿತು. ಎರಡೇ ವರ್ಷಗಳಲ್ಲಿ ಸಂಸ್ಥೆ ಮುಚ್ಚಿಹೋಯಿತು.

ನಂತರದ ವರ್ಷಗಳು ಮತ್ತು ಪರಂಪರೆ

ಎರಡನೆಯ ಮಹಾಯುದ್ಧದಲ್ಲಿ ಲೊರೆಂಟ್ಜ್ ಅವರು ವಾಯುಪಡೆಯ ವಿಮಾನ ಚಾಲಕರಿಗಾಗಿ ಮಾರ್ಗದರ್ಶಕ ಚಿತ್ರಗಳನ್ನು ತಯಾರಿಸಿದರು. ಯುದ್ಧಾನಂತರ ನ್ಯೂರೆಂಬರ್ಗ್ ವಿಚಾರಣೆಯ ಚಿತ್ರದಲ್ಲಿಯೂ ದುಡಿದು, 1947ರಲ್ಲಿ ಸರ್ಕಾರಿ ಸೇವೆಯನ್ನು ಬಿಟ್ಟರು. ಮಣ್ಣನ್ನು ಕುರಿತು ಅಂತಹ ಮತ್ತೊಂದು ಪ್ರಸಿದ್ಧ ಚಿತ್ರ ಇವರಿಂದ ಬರಲಿಲ್ಲ. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಮಾಂಕ್‌ನಲ್ಲಿ ನಿಧನರಾದರು.

ಒಮ್ಮೆ ಹಿಂತೆಗೆದುಕೊಳ್ಳಲಾಗಿದ್ದ ಮೊದಲ ಚಿತ್ರವನ್ನು 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಲಾಯಿತು. 'ದ ರಿವರ್' 1990ರಲ್ಲಿಯೇ ಸೇರಿತ್ತು. ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರ ಸಂಘವು ಇವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ನೀಡುತ್ತ ಬಂದಿದೆ.