ಹುಳುವಿನ ದಿನಗಳನ್ನು ಬಿಸಿಲಲ್ಲಿ ಎಣಿಸಿದ ರಿಯೋಮರ್

ಪ್ರೌಢಶಾಲೆಯಲ್ಲಿ ಉಷ್ಣತೆಯ ಪಾಠ ಮಾಡುವಾಗ ಸೆಲ್ಸಿಯಸ್, ಫ್ಯಾರನ್‌ಹೀಟ್, ಕೆಲ್ವಿನ್ ಮಾನಗಳನ್ನು ಹೇಳುತ್ತೇವೆ. ಹಳೆಯ ಪುಸ್ತಕಗಳಲ್ಲಿ ರಿಯೋಮರ್ ಮಾನವೂ ಇರುತ್ತಿತ್ತು. ಅದರಲ್ಲಿ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, 80 ಡಿಗ್ರಿಗೆ ಕುದಿಯುತ್ತದೆ. ಈ ಮಾನವನ್ನು ರೂಪಿಸಿದವರು ಕೀಟಗಳ ಅಧ್ಯಯನದಲ್ಲೂ ದೊಡ್ಡ ಹೆಸರು. ಬೆಳೆಗೆ ಬೀಳುವ ಹುಳುವಿಗೂ ಬಿಸಿಲಿಗೂ ಇರುವ ನಂಟನ್ನು ಮಕ್ಕಳಿಗೆ ತಿಳಿಸಲು ಅವರ ಜೀವನ ಒಳ್ಳೆಯ ದಾರಿ.

ರೆನೆ ಅಂತ್ವಾನ್ ಫೆರ್ಶೋ ದ ರಿಯೋಮರ್ 1683ರಲ್ಲಿ ಫ್ರಾನ್ಸಿನ ಲಾ ರೊಶೆಲ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಕಾನೂನು ಓದಿದರೂ ಮನಸ್ಸು ಗಣಿತ ಮತ್ತು ವಿಜ್ಞಾನದ ಕಡೆಗಿತ್ತು. 1703ರಲ್ಲಿ ಪ್ಯಾರಿಸ್‌ಗೆ ಬಂದರು, 1708ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಸೇರಿದರು. ಕಬ್ಬಿಣದಿಂದ ಉಕ್ಕು ಮಾಡುವ ಬಗೆಯನ್ನು ಕುರಿತ ಅವರ ಗ್ರಂಥ 1722ರಲ್ಲಿ ಬಂತು. 1730ರಲ್ಲಿ ಉಷ್ಣಮಾಪಕದ ಮಾನವನ್ನು ಪ್ರಕಟಿಸಿದರು. ಸೆಲ್ಸಿಯಸ್ ಮಾನ ಬಂದದ್ದು ಇದಾದ 12 ವರ್ಷಗಳ ಮೇಲೆ.

1734ರಿಂದ 1742ರವರೆಗೆ ಕೀಟಗಳ ಕುರಿತ ಅವರ ಆರು ಸಂಪುಟಗಳು ಹೊರಬಂದವು. ಕೀಟಗಳ ಹೆಸರು ಪಟ್ಟಿ ಮಾಡುವುದು ಅವರ ಗುರಿಯಾಗಿರಲಿಲ್ಲ. ಹುಳು ಏನು ತಿನ್ನುತ್ತದೆ, ಹೇಗೆ ಗೂಡು ಕಟ್ಟುತ್ತದೆ, ಎಷ್ಟು ದಿನಕ್ಕೆ ರೂಪ ಬದಲಿಸುತ್ತದೆ ಎಂಬುದನ್ನು ಅವರು ತಾಳ್ಮೆಯಿಂದ ನೋಡಿದರು.

ಅವರ ಒಂದು ಪ್ರಯೋಗ ತರಗತಿಯಲ್ಲಿ ಹೇಳಲು ತಕ್ಕುದು. ಚಳಿಗಾಲದಲ್ಲಿ ಅವರು ಚಿಟ್ಟೆ ಮತ್ತು ಪತಂಗಗಳ ಕೋಶಗಳಲ್ಲಿ ಕೆಲವನ್ನು ರಾಜರ ತೋಟದ ಬೆಚ್ಚನೆಯ ಗಾಜಿನ ಮನೆಯಲ್ಲಿ ಇಟ್ಟರು. ಬೇಸಿಗೆಗೆ ಕಾಯಬೇಕಾದ ಪತಂಗಗಳು ಚಳಿಗಾಲದಲ್ಲೇ ಹೊರಬಂದವು. ತಂಪಾದ ನೆಲಮಾಳಿಗೆಯಲ್ಲಿ ಇಟ್ಟ ಕೋಶಗಳು ವಾಡಿಕೆಯ ಕಾಲ ಕಳೆದರೂ ತೆರೆಯಲಿಲ್ಲ. ಕೀಟ ತನ್ನ ಮೈಯನ್ನು ತಾನೇ ಬಿಸಿಯಾಗಿ ಇಟ್ಟುಕೊಳ್ಳಲಾರದು. ಸುತ್ತಲಿನ ಶಾಖ ಹೆಚ್ಚಿದರೆ ಬೆಳವಣಿಗೆ ಬೇಗ, ಕಡಿಮೆಯಾದರೆ ನಿಧಾನ.

1735ರಲ್ಲಿ ಅವರು ಎರಡು ವರ್ಷಗಳ ಏಪ್ರಿಲ್, ಮೇ, ಜೂನ್ ತಿಂಗಳ ದಿನದಿನದ ಉಷ್ಣತೆಯನ್ನು ಕೂಡಿ, ಬೆಳೆ ಮಾಗುವ ಕಾಲದೊಂದಿಗೆ ಹೋಲಿಸಿದರು. ಬೆಳೆ ಮಾಗಲು ಇಂತಿಷ್ಟು ಶಾಖದ ಮೊತ್ತ ಸೇರಬೇಕು ಎಂಬ ವಿಚಾರ ಅಲ್ಲಿಂದ ಬಂತು. ಅದೇ ಇಂದಿನ ಡಿಗ್ರಿ-ದಿನ ಲೆಕ್ಕದ ಮೂಲ. ಹುಳು ಬೆಳೆಯಲು ಬೇಕಾದ ಕನಿಷ್ಠ ಉಷ್ಣತೆಯನ್ನು ಕಳೆದು ಲೆಕ್ಕ ಹಾಕುವುದನ್ನು ಮುಂದಿನವರು ಸೇರಿಸಿದರು.

ಭತ್ತ, ಜೋಳದ ಕಾಳಿನೊಳಗೆ ಬೆಳೆದು ತೂತು ಮಾಡಿ ಹೊರಬರುವ ಸಣ್ಣ ಪತಂಗವನ್ನು ರಿಯೋಮರ್ 1736ರಲ್ಲೇ ವರ್ಣಿಸಿದ್ದರು. ಅದೇ ಪತಂಗ ನಮ್ಮ ಕಡೆಯ ಮನೆಗಳ ಚೀಲಗಳಲ್ಲೂ ಇದೆ. 1757ರ ಅಕ್ಟೋಬರ್‌ನಲ್ಲಿ ಕುದುರೆಯಿಂದ ಬಿದ್ದು ರಿಯೋಮರ್ ತೀರಿಕೊಂಡರು. ಅವರ ಮಾನ ಬಳಕೆಯಿಂದ ಹೋಯಿತು, ಶಾಖದ ಲೆಕ್ಕ ಉಳಿಯಿತು.

ಕೃಷ್ಣಾ ದಂಡೆಯ ಗೂಗಲ್‌ನಂತಹ ಊರಿನ ಮಕ್ಕಳಿಗೆ ಈ ಲೆಕ್ಕ ಹೊಲದ ಮಾತು. ತಿಳಿಯಲು ಒಂದು ಹುಳುವನ್ನು ಊಹಿಸೋಣ. ಅದಕ್ಕೆ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ಬೇಕು, ಮೊಟ್ಟೆಯಿಂದ ಪತಂಗವಾಗಲು 400 ಡಿಗ್ರಿ-ದಿನ ಬೇಕು. ದಿನದ ಸರಾಸರಿ 20 ಡಿಗ್ರಿ ಇದ್ದರೆ ದಿನಕ್ಕೆ 10ರಂತೆ 40 ದಿನ ಹಿಡಿಯುತ್ತದೆ. ಸರಾಸರಿ 30 ಡಿಗ್ರಿ ಇದ್ದರೆ 20 ದಿನ ಸಾಕು. ಅಂದರೆ 40 ದಿನಗಳಲ್ಲಿ ಒಂದು ತಲೆಮಾರಿನ ಬದಲು ಎರಡು. ಒಂದೊಂದು ಹೆಣ್ಣು ಹತ್ತಾರು ಮೊಟ್ಟೆ ಇಟ್ಟರೂ ಸಂಖ್ಯೆ ಎಲ್ಲಿಗೆ ಮುಟ್ಟುತ್ತದೆ ಎಂದು ಮಕ್ಕಳೇ ಗುಣಿಸಬಲ್ಲರು. ಆದರೆ ಶಾಖ ಏರಿದಷ್ಟೂ ಹುಳು ಏರುವುದಿಲ್ಲ. ತೀರ ಬಿಸಿಯಾದರೆ ಮೊಟ್ಟೆ ಕಡಿಮೆಯಾಗುತ್ತವೆ, ಮರಿಗಳು ಸಾಯುತ್ತವೆ. ಬೇಸಿಗೆಯಲ್ಲಿ ಹೊಲ ಉತ್ತು ಮಣ್ಣಿನೊಳಗಿನ ಕೋಶಗಳನ್ನು ಬಿಸಿಲಿಗೆ ಒಡ್ಡುವುದು ಇದಕ್ಕೇ.

ಹತ್ತಿಯ ಗುಲಾಬಿ ಕಾಯಿಕೊರಕದ ಕೆಲವು ಮರಿಹುಳುಗಳು ತಂಪಿನ ದಿನಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಬೀಜ ಮತ್ತು ಒಣಗಿದ ಕಾಯಿಗಳಲ್ಲಿ ಅಡಗಿರುತ್ತವೆ. ಕೊಯ್ಲಾದ ಮೇಲೂ ಹತ್ತಿ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟಿದರೆ ಮುಂದಿನ ಹಂಗಾಮಿಗೆ ಹುಳುವನ್ನು ಕಾಪಿಟ್ಟಂತೆ. ಕ್ಯಾಲೆಂಡರ್ ನೋಡಿ ಔಷಧಿ ಹೊಡೆದರೆ ಹುಳು ಇನ್ನೂ ಬಂದಿರಲಿಕ್ಕಿಲ್ಲ, ಇಲ್ಲವೇ ಕಾಯಿಯೊಳಗೆ ಸೇರಿಬಿಟ್ಟಿರಬಹುದು. ಎರಡರಲ್ಲೂ ಖರ್ಚು ರೈತನದೇ.

ಈ ಪಾಠಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಶಾಲೆಯ ನೆರಳಿನಲ್ಲಿ ಗರಿಷ್ಠ-ಕನಿಷ್ಠ ಉಷ್ಣಮಾಪಕವೊಂದನ್ನು ತೂಗುಹಾಕಿ, ಒಂದು ತಿಂಗಳು ಸರದಿಯ ಮೇಲೆ ಮಕ್ಕಳಿಂದ ಬರೆಸಬೇಕು. ಜೊತೆಗೆ ಊರ ಹೊಲದಲ್ಲಿ ಹುಳು ಕಂಡ ದಿನವನ್ನೂ ಬರೆಸಬೇಕು. ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ಓದುವುದೇ ರಿಯೋಮರ್ ಕಲಿಸಿದ ವಿಜ್ಞಾನ.